ಎಣಿಸದ ಗಾಳಿ

ಇಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು, ಅವನಿಗೆ ದಿಗಿಲು ಹುಟ್ಟಿಸಿದ್ದೂ ಅದೇ. ಕೆಟ್ಟು ನಿಂತಿದ್ದರೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಕೈಗೆ ಕೆಲಸ ಸಿಗುತ್ತದೆ, ಬೈಸಿಕೊಳ್ಳುವುದಕ್ಕಾದರೂ ಒಂದು ಕಾರಣ ಇರುತ್ತದೆ; ಹೀಗೆ ಬಿಸಿಲಿಗೆ ಮಲಗಿದ ಬೆಕ್ಕಿನ ಹಾಗೆ ಸಣ್ಣಗೆ ಗುರುಗುಟ್ಟುತ್ತಾ ನಿಂತುಬಿಟ್ಟರೆ ಅದರ ಮುಂದೆ ಮನುಷ್ಯ ಏನು ಮಾಡಬೇಕು. ಒರೆಸಿದ್ದನ್ನೇ ಮತ್ತೆ ಒರೆಸಿದ. ಗಾಳಿಯ ಪೈಪಿನ ಕ್ಲಿಪ್ಪುಗಳು ಬಿಗಿಯಾಗಿವೆ ಎಂದು ಗೊತ್ತಿದ್ದೂ ಒಂದೊಂದನ್ನೇ ಮುಟ್ಟಿ ನೋಡಿದ. ಮಾವ ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿದ್ದರು. ಅವರು ಹಿಂದಿರುಗುವುದು, ಈ ಬೆಕ್ಕು ಕೆಮ್ಮಲು ಶುರುಮಾಡುವುದು, ಎರಡೂ ಒಟ್ಟಿಗೇ ಆಗುತ್ತವೆ ಎಂಬುದು ಅವನಿಗೆ ಈಗ ಖಾತ್ರಿಯಾಗಿತ್ತು. ಸೋಮವಾರದಿಂದ ದಿನವೂ ಹಾಗೇ ಆಗಿದೆ. ಮಾವ ಇಲ್ಲದಾಗ ಬಂಗಾರ. ಮಾವ ಬಂದು ಬಾನೆಟ್ಟಿನೊಳಗೆ ತಲೆ ಹಾಕಿದರೋ, ತೊದಲು, ನಡುಕ, ಒಮ್ಮೊಮ್ಮೆ ಉಸಿರೇ ನಿಲ್ಲುವುದು. ಇವತ್ತು ಶನಿವಾರ.

ಶನಿವಾರದ ಗಡುವು ಮಾವನದು. ಗಾಡಿಯೂ ಮಾವನದು, ಗ್ಯಾರೇಜೂ ಮಾವನದು, ಅಷ್ಟೇಕೆ, ಹೆಂಡತಿಯನ್ನೂ ಅವರೇ ಕೊಟ್ಟದ್ದು. ಈ ಬೀದಿಯಲ್ಲಿ ಅವನಿಗೆ ಅಳಿಯ ಎಂದೇ ಹೆಸರು. ಬಿಡಿಭಾಗದ ಅಂಗಡಿಯವನು ಫೋನಿನಲ್ಲಿ "ಅಳಿಯಂದ್ರಾ, ನಿಮ್ಮ ಗ್ಯಾಸ್ಕೆಟ್ ಬಂದಿದೆ" ಎನ್ನುತ್ತಾನೆ. ಮುಖ ನೋಡಿರದ ಗಿರಾಕಿ ಕೂಡ "ಅಳಿಯ ಇದಾರಾ" ಎಂದು ಕೇಳಿಕೊಂಡು ಬರುತ್ತಾನೆ. ಒಂದು ಸಲ ಬ್ಯಾಂಕಿನ ಹುಡುಗಿ ಅವನ ನಿಜವಾದ ಹೆಸರನ್ನು ಕೂಗಿದಾಗ ಅವನು ಯಾರನ್ನೋ ಕರೆಯುತ್ತಿದ್ದಾರೆಂದು ತಿರುಗಿ ನೋಡಿದ್ದ. ಹಳೆಯ ಕಾರುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರು ತೆಗೆದು, ಅಳೆದು ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಕೂರಿಸುವ ಕೆಲಸ ಶುರುಮಾಡೋಣ ಎಂದು ಅವನು ಮಾವನಿಗೆ ಹೇಳಿದಾಗ, ಗಂಟಲು ಸರಿಮಾಡಿಕೊಂಡು, ಅಭ್ಯಾಸ ಮಾಡಿದ್ದ ಮಾತನ್ನು ಅರ್ಧಕ್ಕೇ ಮರೆತು ಹೇಳಿದಾಗ, ಮಾವ ಬಹಳ ಹೊತ್ತು ತಮ್ಮ ಬೆರಳ ಸಂದಿಯ ಗ್ರೀಸು ಒರೆಸಿಕೊಂಡರು. "ನನ್ನ ಗಾಡಿಗೇ ಹಾಕು. ಬೇರೆಯವರ ಗಾಡಿ ಕೆಡಿಸಿ ಮಾತು ಕೇಳೋದು ಬೇಡ. ಹಾಕಿ ಮುಗಿಸಿದ ಮೇಲೆ ಒಂದು ವಾರ, ಶನಿವಾರ ಸಾಯಂಕಾಲದವರೆಗೆ ನೋಡ್ತೀನಿ. ನನ್ನ ಕೈಗೆ ಒಗ್ಗಿತೋ, ಇಟ್ಕೊಳ್ಳೋಣ. ಇಲ್ವೋ, ಕಾರ್ಬುರೇಟರ್ ವಾಪಸ್ ಕೂರಿಸ್ಬೇಕು, ಆಮೇಲೆ ಈ ಗ್ಯಾರೇಜಲ್ಲಿ ಇದರ ಸುದ್ದಿ ಎತ್ತಬಾರದು." ಒಗ್ಗಬೇಕಾದದ್ದು ರಸ್ತೆಗಲ್ಲ, ಕೈಗೆ. ಆ ಮಾತು ಅವನಿಗೆ ಆಗ ಕೇಳಿಸಿಯೂ ಕೇಳಿಸಿರಲಿಲ್ಲ.

ಕೇಳಿಸುವುದರಲ್ಲಿ ಅವನು ಮೊದಲಿನಿಂದಲೂ ಹಿಂದೆಯೇ. ಮದುವೆಯಾದ ಹೊಸತರಲ್ಲಿ ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಅವನ ಕಿವಿಗೆ ಇಟ್ಟು, "ಕೇಳಿಸ್ತಾ? ಎರಡನೇ ಸಿಲಿಂಡರು ಹಸಿದಿದೆ" ಎಂದಿದ್ದರು. ಅವನಿಗೆ ಕೇಳಿಸಿದ್ದು ಬರೀ ಗಲಾಟೆ. ಇಲ್ಲ ಮಾವ ಎಂದು ಹೇಳಿದ. ಮಾವ ಅವನನ್ನು ಬೈಯಲಿಲ್ಲ, ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು, ಎಂಥವನನ್ನು ಆರಿಸಿಕೊಂಡೆಯಮ್ಮಾ ಎನ್ನುವ ಹಾಗೆ. ಅವಳು ನಕ್ಕುಬಿಟ್ಟಳು. ಆ ನಗುವನ್ನು ಅವನು ಕ್ಷಮಿಸಿದ್ದಾನೆ, ಅದು ಅವಳ ಸ್ವಭಾವ. ಆ ನೋಟ ಮಾತ್ರ ಕಿವಿಯೊಳಗೇ ಉಳಿದುಕೊಂಡಿತು. ಕಾರ್ಬುರೇಟರಿನ ಪುಟ್ಟ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆ ವಾರೆ ಮಾಡಿ, ಇನ್ನೊಂದು ಚೂರು ತಿರುಗಿಸಿ, "ಹಾಂ, ಈಗ ಹಾಡ್ತಿದೆ" ಎಂದು ಮಾವ ಹೇಳುವಾಗಲೆಲ್ಲ ಅವನು ಪಕ್ಕದಲ್ಲಿ ನಿಂತು ಹಾಡು ಯಾವಾಗ ಶುರುವಾಯಿತೆಂದು ತಿಳಿಯದೆ ಬೆವರುತ್ತಿದ್ದ. ಹಾಗಿರುವಾಗ ಗಾಳಿಯನ್ನು ತೂಗುವ ಸೆನ್ಸರನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅವನಿಗೆ ಕಣ್ಣು ತುಂಬಿ ಬಂದದ್ದು ಉತ್ಪ್ರೇಕ್ಷೆಯಲ್ಲ. ಮಾಸ್ ಏರ್‌ಫ್ಲೋ ಸೆನ್ಸರ್. ಪೈಪಿನ ನಡುವೆ ಕೂದಲಿಗಿಂತ ತೆಳ್ಳಗಿನ ತಂತಿ, ಸದಾ ಬಿಸಿ. ಗಾಳಿ ಹಾಯ್ದಷ್ಟೂ ಅದು ತಣ್ಣಗಾಗುತ್ತದೆ. ತಣ್ಣಗಾಗದಂತೆ ಕಾಯಿಸಲು ಎಷ್ಟು ಕರೆಂಟು ಬೇಕಾಯಿತೋ ಅದರಿಂದ ಒಳಗೆ ಹೋದ ಗಾಳಿಯ ತೂಕ ಗೊತ್ತಾಗುತ್ತದೆ. ಆ ತೂಕಕ್ಕೆ ತಕ್ಕಷ್ಟೇ ಪೆಟ್ರೋಲು ಚಿಮ್ಮುತ್ತದೆ. ಕಿವಿ ಬೇಡ. ಸಂಗೀತ ಜ್ಞಾನ ಬೇಡ. ಕಿವುಡನೂ ಮೆಕ್ಯಾನಿಕ್ ಆಗಬಹುದು. ಆ ರಾತ್ರಿ ಹೆಂಡತಿಗೆ "ಗಾಳಿಗೂ ತೂಕ ಇದೆ ಗೊತ್ತಾ" ಎಂದಿದ್ದ. "ನಿಮಗಿಂತ ಜಾಸ್ತಿ ಇರಬೇಕು, ಸರಿಯಾಗಿ ಊಟ ಮಾಡಿ" ಎಂದಿದ್ದಳು.

ಲ್ಯಾಪ್‌ಟಾಪು ನೋಡಿಕೊಳ್ಳುವವಳು ಅವಳೇ. ಅವನಿಗೆ ಅಂಕಿಗಳ ಮೇಲೆ ಪ್ರೀತಿ ಇತ್ತೇ ಹೊರತು ಅವುಗಳಿಗೆ ಅವನ ಮೇಲೆ ಇರಲಿಲ್ಲ. ಪಕ್ಕದ ಮಳಿಗೆಯಲ್ಲಿ ಕಾರಿನ ಸೀಟು ಹೊಲಿಯುವವನು, ಮಾವನ ಜೊತೆಗಾರ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವವನು, ಇದೇನಮ್ಮಾ ಮಾಯೆ ಎಂದು ಕೇಳಿದಾಗ ಅವಳು ಎಷ್ಟು ಸಲೀಸಾಗಿ ಹೇಳಿದ್ದಳು: "ಮನೆ ಮುಂಬಾಗಿಲಲ್ಲಿ ಒಬ್ಬ ನಿಂತಿರ್ತಾನೆ. ಎಷ್ಟು ಜನ ಊಟಕ್ಕೆ ಬಂದ್ರು ಅಂತ ಎಣಿಸಿ ಒಳಗೆ ಕೂಗ್ತಾನೆ. ಒಳಗೆ ಅಷ್ಟೇ ಜನಕ್ಕೆ ಬಡಿಸ್ತಾರೆ. ಹೆಚ್ಚಿಲ್ಲ, ಕಮ್ಮಿ ಇಲ್ಲ." ಸೀಟಿನವನು ಸೂಜಿ ತೆಗೆದು, "ನಮ್ಮ ಮನೇಲೂ ಅಂಥವನೊಬ್ಬ ಬೇಕಿತ್ತು" ಎಂದು ಒಪ್ಪಿಕೊಂಡಿದ್ದ. ಅಳಿಯನಿಗೆ ಹಾಗೆ ಹೇಳಲು ಬಂದಿದ್ದರೆ ಮಾವನ ಮುಂದೆ ಅರ್ಧ ಮಾತು ಮರೆಯುತ್ತಿರಲಿಲ್ಲ.

ಮಾವ ಬಂದರು. ಅವನು ಎಂದಿನಂತೆ ಡ್ರೈವರ್ ಸೀಟಿನಲ್ಲಿ ಹೋಗಿ ಕೂತ, ಅವಳು ಪಕ್ಕದಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡಿದ್ದಳು. ಎದುರಿಗೆ ಎತ್ತಿದ ಬಾನೆಟ್ಟು. ಬಾನೆಟ್ಟಿಗೂ ಗಾಜಿಗೂ ನಡುವಿನ ಸಂದಿಯಲ್ಲಿ ಮಾವನ ಅಂಗಿಯ ಒಂದು ಗುಂಡಿ ಕಾಣುತ್ತಿತ್ತು. ವಾರವಿಡೀ ಅವನು ನೋಡಿದ್ದು ಆ ಗುಂಡಿಯನ್ನು. ಗುಂಡಿ ಬಗ್ಗಿತು, ಸಂದಿಯಿಂದ ಮರೆಯಾಯಿತು, ಮತ್ತೆ ಇಂಜಿನ್ನು ಗಕ್ ಎಂದಿತು. ಗಕ್, ಗಕ್, ಇಡೀ ಗಾಡಿ ಮೈ ಕೊಡವಿತು, ಸ್ವಲ್ಪ ಸುಧಾರಿಸಿಕೊಂಡಿತು, ಮತ್ತೆ ಗಕ್. "ಅದೇ ಕಥೆ ರೀ. ಲೆಕ್ಕದಲ್ಲಿ ಗಾಳಿ ಇಳಿದಿದೆ, ಆದ್ರೆ ಹೊಗೆ ಕೊಳವೆ ಹತ್ರ ನೋಡಿದ್ರೆ ಗಾಳಿ ಜಾಸ್ತಿ" ಎಂದಳು ಅವಳು. ಅವನು ಮಾಡಿ ನೋಡದ್ದು ಏನೂ ಉಳಿದಿರಲಿಲ್ಲ. ಎಣ್ಣೆ ಹಚ್ಚಿದ ಫಿಲ್ಟರಿನಿಂದ ಎಣ್ಣೆ ಹಾರಿ ತಂತಿಗೆ ಮೆತ್ತಿದೆಯೇನೋ ಎಂದು ಮಂಗಳವಾರ ಕಾಗದದ ಫಿಲ್ಟರು ಹಾಕಿದ್ದ. ಸೆನ್ಸರಿನ ಮುಂದೆ ಪೈಪು ಬಾಗಿದ್ದರಿಂದ ಗಾಳಿ ಸುಳಿ ತಿರುಗುತ್ತಿದೆಯೇನೋ ಎಂದು ಬುಧವಾರ ಪೈಪನ್ನೇ ನೇರಮಾಡಿ ಕೂರಿಸಿದ್ದ. ಗುರುವಾರ ಸಂದುಸಂದಿಗೆ ಹೊಗೆ ಬಿಟ್ಟು ಸೋರಿಕೆ ಹುಡುಕಿದ್ದ. ಶುಕ್ರವಾರ ಪೆಟ್ರೋಲಿನ ಮೇಲೆ ಅನುಮಾನ ಪಟ್ಟಾಗ ಸೀಟಿನವನು "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಹಾಡುವ ಹಾಗೆ ಹೇಳಿಕೊಂಡು ಹೋಗಿದ್ದ. ಈಗಲೂ ಆ ಸೀಟಿನವನು ಬಾಗಿಲಲ್ಲೇ ಇದ್ದ. "ಮಾವ ಬಂದ್ರೆ ಮಾತು ನಿಲ್ಲಿಸೋ ಅಳಿಯನ್ನ ನೋಡಿದೀನಿ. ಉಸಿರು ನಿಲ್ಲಿಸೋ ಇಂಜಿನ್ ಇದೇ ಮೊದಲು." ಮಾವ ನಗಲಿಲ್ಲ, ಬೈಯಲೂ ಇಲ್ಲ. ಬಾನೆಟ್ಟಿನ ಹಿಂದಿನಿಂದ "ಹೂಂ" ಎಂಬುದೊಂದು ಬಂತು. ವಾರವಿಡೀ ಅದೇ ಹೂಂ. ಆ ಹೂಂಕಾರದಲ್ಲಿ ಸ್ಕ್ರೂಡ್ರೈವರೂ ಇತ್ತು, ಬಾಗಿಲಲ್ಲಿ ನಿಂತ ಮಗಳೂ ಇದ್ದಳು.

"ನೀವು ಯಾಕ್ ರೀ ಇಲ್ಲಿ ಬಚ್ಚಿಟ್ಕೊಂಡು ಕೂತಿದೀರಿ" ಎಂದಳು ಹೆಂಡತಿ, ಮೆಲ್ಲಗೆ. "ಹೋಗಿ ಅಪ್ಪನ ಪಕ್ಕ ನಿಂತ್ಕೊಳ್ಳಿ. ನಾನು ಆ ಕಡೆ ಕೂರ್ತೀನಿ." ಬಚ್ಚಿಟ್ಟುಕೊಂಡದ್ದು ನಿಜವಾಗಿದ್ದರಿಂದ ಅವನಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದರಿಂದ ಇಳಿದು ಹೋದ. ಹೋಗಿ ಮಾವನ ಎಡಕ್ಕೆ, ಪರೀಕ್ಷೆಯ ಫಲಿತಾಂಶ ನೋಡಲು ನಿಂತವನ ಹಾಗೆ ನಿಂತ. ಆಗ ಕಂಡಿತು. ಕಂಡದ್ದರಲ್ಲಿ ಹೊಸತೇನೂ ಇರಲಿಲ್ಲ. ಓಡುತ್ತಿರುವ ಇಂಜಿನ್ನಿನ ತಲೆಯ ಮೇಲೆ ಆಯಿಲ್ ಹೊಯ್ಯುವ ಬಾಯಿಯ ಮುಚ್ಚಳವನ್ನು ಮಾವ ತಿರುಗಿಸಿ ತೆಗೆದು, ತೆರೆದ ಬಾಯಿಯ ಮೇಲೆ ತಮ್ಮ ಅಂಗೈ ಇಟ್ಟು, ಎತ್ತಿ, ಮತ್ತೆ ಇಡುತ್ತಿದ್ದರು. ಪ್ರತಿ ಇಂಜಿನ್ನಿಗೂ ಅವರು ಮಾಡುವುದು ಅದನ್ನೇ. ಪಿಸ್ಟನ್ನು ಸವೆದಿದ್ದರೆ ಆ ಬಾಯಿಂದ ಗಾಳಿ ಅಂಗೈಗೆ ಊದುತ್ತದೆ. ಎಷ್ಟು ಊದಿತು ಎಂಬುದರ ಮೇಲೆ ಇಂಜಿನ್ನಿನ ಆಯುಷ್ಯ ಹೇಳುತ್ತಿದ್ದರು. ಲಾರಿಯವರು, ಟ್ಯಾಕ್ಸಿಯವರು, ಸಾಲ ಮಾಡಿ ಹಳೆಯ ಗಾಡಿ ಕೊಳ್ಳಲು ಹೊರಟ ಹೊಸ ದಂಪತಿಗಳು, ಎಲ್ಲರೂ ಸುತ್ತ ನಿಂತು ಇಂಜಿನ್ನು ನೋಡದೆ ಮಾವನ ಮುಖ ನೋಡುತ್ತಿದ್ದರು. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ. ಕಾರ್ಬುರೇಟರಿನ ಇಂಜಿನ್ನಿಗೆ ಆ ಮುಚ್ಚಳ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಇದರ ಹೊಟ್ಟೆಯಿಂದ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಗೇ, ಸೆನ್ಸರು ದಾಟಿದ ಮೇಲೆ, ಒಂದು ಪೈಪು ಕೊಟ್ಟಿದ್ದಾನೆ ಅವನು, ಹೊಟ್ಟೆಯ ಹೊಗೆ ಬೀದಿಗೆ ಹೋಗದೆ ಅಲ್ಲೇ ಉರಿದುಹೋಗಲಿ ಎಂದು. ಈಗ ಮುಚ್ಚಳ ತೆಗೆದರೆ ಆ ಬಾಯಿಂದ ನುಗ್ಗುವ ಗಾಳಿ ಸೀದಾ ಒಳಕ್ಕೆ. ಮುಂಬಾಗಿಲಲ್ಲಿ ನಿಂತವನು ಎಣಿಸುತ್ತಲೇ ಇದ್ದಾನೆ, ಜನ ಹಿತ್ತಿಲ ಬಾಗಿಲಿಂದ ಬಂದು ಎಲೆಗೆ ಕೂತಿದ್ದಾರೆ. ಬಡಿಸಿದ್ದು ಸಾಲದೆ ಇಂಜಿನ್ನು ಗಕ್ ಎನ್ನುತ್ತಿದೆ.

ಮೊದಲು ಬಂದದ್ದು ಸಂತೋಷ, ಅದೂ ಕೆಟ್ಟ ಸಂತೋಷ. ತಪ್ಪು ನನ್ನದಲ್ಲ, ನಿಮ್ಮದು. ನಿಮ್ಮ ಕೈ. ವಾರವಿಡೀ ಕೆಡಿಸಿದ್ದು ನಿಮ್ಮ ಕೈ. ಅದನ್ನು ಸೀಟಿನವನೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕೆಂದು ಬಾಯಿ ತೆರೆದ. ನಾಲಿಗೆಯ ಮೇಲೆ ಆ ಮಾತಿನ ರುಚಿಯೂ ಸಿಕ್ಕಿತು. ಮಾವನ ಮುಖ ನೋಡಿದ. ಮಾವ ಕಣ್ಣು ಮುಚ್ಚಿದ್ದರು. ಕಪ್ಪು ಗೆರೆಗಳ, ಹಳೆಯ ಸುಟ್ಟ ಕಲೆಗಳ ಆ ಅಂಗೈ ಇಂಜಿನ್ನಿನ ಮೇಲೆ, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟ ಹಾಗೆ ಇತ್ತು. ಮಾವನ ಕಿವಿಯನ್ನಂತೂ ಅವನ ತಂತಿ ಮನೆಗೆ ಕಳಿಸಿತ್ತು, ಈಗ ಕೈಯನ್ನೂ ತೆಗೆಯಿರಿ ಎನ್ನಬೇಕೆ. ಮುಟ್ಟಬೇಡಿ ಎನ್ನುವುದಕ್ಕೆ ತನಗೆ ಯಾವ ಬಾಯಿ. ತನ್ನ ಖುಷಿಯ ಬಗ್ಗೆ ಅವನಿಗೆ ಅಸಹ್ಯವಾಯಿತು, ಬಾಯಿ ಮುಚ್ಚಿದ. ಮಾವ ಮುಚ್ಚಳ ಹಾಕಿ, "ಹೂಂ, ಊಟ ಮಾಡ್ಕೊಂಡು ಬರ್ತೀನಿ. ಸಾಯಂಕಾಲ ಮುಗಿಸೋಣ" ಎಂದು ಮನೆಯ ಕಡೆ ಹೊರಟರು. ಮುಗಿಸೋಣ ಎಂದರೆ ಏನರ್ಥ ಎಂದು ಅವನು ಅವರ ಬೆನ್ನು ಮರೆಯಾಗುವವರೆಗೆ ಯೋಚಿಸಿದ.

ಹೆಂಡತಿಗೆ ಹೇಳಿದಾಗ ಅವಳು ಲ್ಯಾಪ್‌ಟಾಪು ಮುಚ್ಚಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ವಾರದಿಂದ ಕೂತಿದೀನಿ ನಾನು. ಅಪ್ಪನಿಗೆ ಹೇಳಿಬಿಡಿ. ಕೈ ಇಡಬೇಡಿ ಅಂದ್ರೆ ಇಡಲ್ಲ, ಅಷ್ಟೇ ತಾನೇ."

"ಇಡೋದಿಲ್ಲ. ಅದೇ ನನಗೆ ಬೇಡ."

ಅವಳು ನಗು ನಿಲ್ಲಿಸಿ ಅವನನ್ನು ನೋಡಿದಳು. ಆ ನೋಟಕ್ಕೆ ಏನು ಮಾಡಬೇಕೆಂದು ತಿಳಿಯದೆ ಅವನು ಸ್ಕ್ರೂಡ್ರೈವರು ಹುಡುಕಿದ. ಉಪಾಯ ಸುಲಭದ್ದು. ಹೊಟ್ಟೆಯಿಂದ ಗಾಳಿಯ ಕೊಳವೆಗೆ ಕೊಟ್ಟ ಪೈಪನ್ನು ಕಿತ್ತು, ಅಲ್ಲಿನ ತೂತಿಗೆ ರಬ್ಬರಿನ ಬಿರಡೆ ಜಡಿದು, ಪೈಪನ್ನು ಕಾರ್ಬುರೇಟರಿನ ಕಾಲದಲ್ಲಿದ್ದಂತೆ ನೆಲದ ಕಡೆಗೆ ಇಳಿಬಿಡುವುದು. ಹಿತ್ತಿಲ ಬಾಗಿಲಿಗೆ ಅಗುಳಿ. ಆಮೇಲೆ ಮಾವ ಮುಚ್ಚಳ ತೆಗೆದು ಅಂಗೈಯಲ್ಲ, ತಲೆಯನ್ನೇ ಇಟ್ಟರೂ ಇಂಜಿನ್ನು ಗಕ್ ಎನ್ನುವುದಿಲ್ಲ. ಸ್ವಲ್ಪ ಎಣ್ಣೆಯ ವಾಸನೆ ಬರಬಹುದು, ಬರಲಿ. ಕೆಲಸ ಮುಗಿಸಿ, ತಾನೇ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದ. ಇಂಜಿನ್ನು ಕದಲಲಿಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಹಸಿವಾಯಿತು. ಡಬ್ಬಿಯಲ್ಲಿದ್ದ ತನ್ನ ಊಟವನ್ನಷ್ಟೇ ಅಲ್ಲ, ಹೆಂಡತಿಯ ಪಾಲಿನದರಲ್ಲೂ ಅರ್ಧ ತಿಂದ. ತಿನ್ನುತ್ತಾ, ತಾನು ಒಳ್ಳೆಯವನು ಎಂದು ಕೂಡ ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಅಪರೂಪವಾದ್ದರಿಂದ ಅದನ್ನು ನಿಧಾನವಾಗಿ ಜಗಿದ.

ಬಿಸಿಲು ಇಳಿಯುವ ಹೊತ್ತಿಗೆ ಮಾವ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬರುವಾಗಲೇ ಸೀಟಿನವನನ್ನು ತೋಳು ಹಿಡಿದು ಎಳೆದುಕೊಂಡು ಬಂದಿದ್ದರು. "ಬಾರಯ್ಯಾ, ದೂರ ನಿಂತು ಬಾಯಿ ಬಡ್ಕೊಳ್ಳೋದಲ್ಲ, ಹತ್ರ ಬಂದು ನೋಡು." ಸಾಕ್ಷಿಯ ಮುಂದೆ ತೀರ್ಪು ಎಂದುಕೊಂಡ ಅವನು. ಆದರೂ ಇವತ್ತು ಅವನಿಗೆ ಧೈರ್ಯವಿತ್ತು. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದಳು. ಮಾವ ಮುಚ್ಚಳ ತಿರುಗಿಸಿ ತೆಗೆದು, ಸೀಟಿನವನ ಕಡೆ ನೋಡಿ ಹುಬ್ಬು ಹಾರಿಸಿದರು. ಏನೂ ಆಗಲಿಲ್ಲ. ಇಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಿತ್ತು. ಮಾವ ಅಂಗೈ ಇಟ್ಟರು, ಎತ್ತಿದರು, ಇಟ್ಟರು. ಇಸ್ತ್ರಿಯ ಅಂಗಿಯ ಕಾಲರಿನೊಳಗೆ ಅವರ ಕತ್ತು ಸಣ್ಣದಾದಂತೆ ಕಂಡಿತು. "ಇದಕ್ಕೇನಾಯ್ತು?" ಎಂದು ಅವನನ್ನು ಕೇಳಿದರು.

"ಸರಿ ಮಾಡಿದೆ ಮಾವ."

"ಏನ್ ಸರಿ ಮಾಡ್ದೆ? ಯಾರು ಹೇಳಿದ್ರು ನಿನಗೆ?"

ಅವನು ಪೈಪು ತೋರಿಸಿದ, ಬಿರಡೆ ತೋರಿಸಿದ, ಮುಂಬಾಗಿಲು ಹಿತ್ತಿಲ ಬಾಗಿಲು ಎಲ್ಲ ಹೇಳಿದ. ಹೆಂಡತಿಯಷ್ಟು ಚೆನ್ನಾಗಿ ಅಲ್ಲ, ಆದರೂ ಮಾತು ಅರ್ಧಕ್ಕೆ ನಿಲ್ಲಲಿಲ್ಲ. "ನೀವು ಮುಚ್ಚಳ ತೆಗೆದು ಕೈ ಇಟ್ರೂ ಇನ್ನು ಏನೂ ಆಗಲ್ಲ" ಎಂದು ಮುಗಿಸಿದ. ಮಾವ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಏನೂ ಆಗಲ್ಲ ಅಂದ್ಮೇಲೆ ಯಾಕಯ್ಯಾ ಇಡಬೇಕು ಕೈಯನ್ನ?" ಎಂದರು. "ಮುಚ್ಚಳ ತೆಗೆದ್ರೆ ಅಳುತ್ತೆ, ಕೈ ಮುಚ್ಚಿದ್ರೆ ಸುಮ್ಮನಾಗುತ್ತೆ ಅಂತ ನನಗೆ ಮಂಗಳವಾರವೇ ಗೊತ್ತಾಯ್ತು. ಇಷ್ಟು ವರ್ಷ ಎಷ್ಟು ಇಂಜಿನ್ ಮೇಲೆ ಕೈ ಇಟ್ಟಿದೀನಿ, ಎಲ್ಲಾನೂ ನನ್ನ ಕೈಗೆ ಊದಿದ್ವು. ಇದೊಂದು ಹಿಡ್ಕೊಂಡ್ತು. ಒಳಕ್ಕೆ ಎಳೆದು ಹಿಡ್ಕೊಂಡ್ತು ಕಣಯ್ಯಾ." ಸೀಟಿನವನ ಕಡೆ ತಿರುಗಿ, ಅವನೇನೋ ಅಡ್ಡಿ ಹೇಳಿದಂತೆ, "ಅದನ್ನ ತೋರ್ಸೋಣ ಅಂತಲೇ ನಿನ್ನ ಕರ್ಕೊಂಡು ಬಂದೆ" ಎಂದರು. ಮತ್ತೆ ಅಳಿಯನಿಗೆ, ಸ್ವಲ್ಪ ಸಣ್ಣ ದನಿಯಲ್ಲಿ, "ನನಗೋಸ್ಕರ ಬೇಕಂತಲೇ ಹಾಗೆ ಮಾಡಿದೀಯ ಅಂದ್ಕೊಂಡಿದ್ದೆ."

ಅವನಿಗೆ ನಾಚಿಕೆಯಾಯಿತು, ನಗುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ. ವಾರವಿಡೀ ತಾನು ಫಿಲ್ಟರು ಬದಲಿಸಿ, ಪೈಪು ಕೊಯ್ದು, ಹೊಗೆ ಬಿಟ್ಟು ಒದ್ದಾಡುತ್ತಿದ್ದಾಗ ಆ ಬಾನೆಟ್ಟಿನ ಹಿಂದೆ ಇವರು ಆಡುತ್ತಿದ್ದರು. ಮಗುವಿನ ಹಾಗೆ ಕೈ ಎತ್ತಿ, ಕೈ ಇಟ್ಟು. ಆ ಹೂಂ ಎನ್ನುವುದು ಖುಷಿಯ ಹೂಂ. ಬೇಕೆಂದೇ ಮಾಡಿದ್ದಲ್ಲ ಮಾವ, ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಿದ. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳಬಹುದಿತ್ತು, ನಾಲಿಗೆ ಒಪ್ಪಲಿಲ್ಲ. ಮಾವ ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಇಸ್ತ್ರಿಯ ಅಂಗಿಯೊಳಗೇ ಕುಲುಕುತ್ತಾ ನಕ್ಕರು. "ಗೊತ್ತಿಲ್ದೆ ಇಷ್ಟು ಚೆನ್ನಾಗಿ ಮಾಡಿದೀಯಲ್ಲ ಮಾರಾಯಾ. ಗೊತ್ತಾದ್ಮೇಲೆ ಕೆಡಿಸಿದೀಯ. ತೆಗಿ ಆ ಬಿರಡೆನ. ಪೈಪು ಎಲ್ಲಿತ್ತೋ ಅಲ್ಲೇ ಹಾಕು."

"ಮತ್ತೆ ಕಾರ್ಬುರೇಟರು?"

"ಅದನ್ನ ಯಾರಾದ್ರೂ ಕೇಳಿದ್ರೆ ಕೊಡೋಣ. ಸೋಮವಾರ ಇವನ ವ್ಯಾನ್ ತಗೊಂಡ್ ಬರೋಕೆ ಹೇಳಿದೀನಿ. ಅದಕ್ಕೂ ಇದನ್ನೇ ಹಾಕು." ಸೀಟಿನವನು ತನ್ನನ್ನು ಯಾರೂ ಕೇಳಲೇ ಇಲ್ಲವಲ್ಲ ಎಂದು ಗೊಣಗಿದ. ಅವನನ್ನು ಆಗಲೂ ಯಾರೂ ಕೇಳಲಿಲ್ಲ.

ಪೈಪು ವಾಪಸ್ ಸೇರಿಸುವಾಗ ಕ್ಲಿಪ್ಪು ಒಂದು ಸಲ ಜಾರಿ ಕೆಳಗೆ ಬಿತ್ತು, ಮಾವ ಬಗ್ಗಿ ಎತ್ತಿಕೊಟ್ಟರು. ಹೆಂಡತಿ ಮತ್ತೆ ಸ್ಟಾರ್ಟ್ ಮಾಡಿದಳು. ಮಾವ ಮುಚ್ಚಳ ತೆಗೆದರು. ಗಕ್, ಗಕ್. ಅವರು ಅಂಗೈ ಮುಚ್ಚಿದರು, ಇಂಜಿನ್ನು ಸಮಾಧಾನವಾಯಿತು. ಸೀಟಿನವನು ತನಗೇ ಅರಿವಿಲ್ಲದೆ "ಅರೆ" ಎಂದ. "ಬಾ ಇಲ್ಲಿ" ಎಂದು ಮಾವ ಅಳಿಯನ ಮಣಿಕಟ್ಟು ಹಿಡಿದು, ತಮ್ಮ ಕೈ ತೆಗೆದು ಅವನ ಅಂಗೈಯನ್ನು ಆ ಬಾಯಿಯ ಮೇಲೆ ಒತ್ತಿದರು. ಬಿಸಿ ಎಣ್ಣೆಯ ಉಸಿರು, ಲೋಹದ ನಡುಕ, ಆಮೇಲೆ ಅಂಗೈಯ ನಡುವನ್ನು ಒಳಗಿನಿಂದ ಯಾರೋ ಮೃದುವಾಗಿ ಎಳೆದುಕೊಂಡಂತೆ. ಇಷ್ಟು ದಿನ ಅಂಕಿಯಲ್ಲಿ ನೋಡಿದ್ದ ಗಾಳಿ ಇದು. ಇದು ಅವನಿಗೆ ಗೊತ್ತಾಯಿತು, ಯಾರೂ ಹೇಳಿಕೊಡದೆ ಗೊತ್ತಾಯಿತು. ಮಾವ ಮಣಿಕಟ್ಟು ಬಿಟ್ಟಿರಲಿಲ್ಲ. ಬಾನೆಟ್ಟಿನ ಆಚೆಯಿಂದ, ಲ್ಯಾಪ್‌ಟಾಪಿನಲ್ಲಿ ಅಂಕಿ ಏರಿಳಿದು ಮತ್ತೆ ನಿಂತದ್ದನ್ನು ಕಂಡು, ಏನೂ ಕಾಣದ ಹೆಂಡತಿ ಕೂಗಿ ಕೇಳಿದಳು. "ಈಗ ಯಾರ ಕೈ ಇದೆ ಅಲ್ಲಿ?"

ಅವನು ಉತ್ತರಿಸುವ ಮೊದಲೇ ಮಾವ ಹೇಳಿದರು, "ನಮ್ಮದೇ ಕಣಮ್ಮಾ."